ಇಪ್ಪತ್ತು ಗುಂಟೆಯ ಜಮೀನ್ದಾರ

2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನು ಕೈಬಿಟ್ಟದ್ದೇ ತಡ, ಕುಂಡದ ತುಳಸಿಯನ್ನೂ ಒಣಗಿಸಿದ ಖ್ಯಾತಿಯ ನಾನು ಕನಕಪುರದ ಕಡೆ 20 ಗುಂಟೆಗೆ ಒಡೆಯನಾದೆ. ಎಕರೆಗೆ 40 ಗುಂಟೆ. ಅಂದರೆ ನಾನು ಅರ್ಧ ರೈತ. ಮೊದಲ ಬೆಳೆಗಿಂತ ಮೊದಲು ಜೀವಾಮೃತ: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ಬೆಲ್ಲ, ಕಡಲೆಹಿಟ್ಟು ಮನೆಗೆ ಬಂದದ್ದು ನೋಡಿ ಹೆಂಡತಿ ಲಾಡುವಿನ ಆಸೆ ಇಟ್ಟುಕೊಂಡಿದ್ದಳು. ಡ್ರಮ್ಮಿನ ಮುಚ್ಚಳ ತೆಗೆದು ನೋಡಿದ ಮೇಲೆ ಸಿಹಿಯನ್ನೇ ಬಿಟ್ಟಳು.

ತ್ರೀ ಫೇಸ್ ಕರೆಂಟಿಗೆ ನಡುರಾತ್ರಿಯೇ ಪ್ರೀತಿ. ಮೋಟಾರು ಹಾಕಲು ಟಾರ್ಚು ಹಿಡಿದು ಹೊರಟರೆ ನಾಯಿಗಳಿಗೆ ನಾನು ಕಳ್ಳ, ಕಪ್ಪೆಗಳಿಗೆ ಕಚೇರಿಯ ಏಕೈಕ ಶ್ರೋತೃ. ಬೆಳಗಾದರೆ ಗಿರಿರಾಜ ಕೋಳಿಗಳ ಪಾಳಿ. ಬಿತ್ತಿದ ಅವರೆಯನ್ನು ಒಂದೂ ಬಿಡದೆ ಸಾಲು ಹಿಡಿದು ಹೆಕ್ಕಿ, ಬಿತ್ತನೆ ನೇರವಾಗಿದೆಯೆಂದು ಪ್ರಮಾಣಪತ್ರ ಕೊಟ್ಟವು.

“ಏನ್ ಬೆಳ್ದಿದ್ದೀರಾ ಸ್ವಾಮಿ?” ಎಂದರು ಪಕ್ಕದ ಹೊಲದ ಗೌಡರು. ಕಳೆಯ ನಡುವೆ ತಡಕಾಡಿ ಒಂದು ಬದನೆಕಾಯಿ ಹುಡುಕಿ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ಬೀಜಕ್ಕೆ ಬಿಡಿ ಸ್ವಾಮಿ. ನಿಮ್ ಕೈಲೂ ಬದುಕಿದೆ ಅಂದ್ರೆ, ಇಂಥಾ ಗಟ್ಟಿ ತಳಿ ಎಲ್ಲೂ ಸಿಗಾಕಿಲ್ಲ” ಎಂದರು.