ಅರ್ಜಿ ಮೀಮಾಂಸೆ: ಪಿಯುಸಿ ಕಾಂಡ

ಶಾಸ್ತ್ರಗ್ರಂಥ ಎಂದ ಮೇಲೆ ‘ಅಥ’ ಎಂದೇ ಆರಂಭವಾಗಬೇಕು. ಅಥ ಎಂದರೆ ಆಮೇಲೆ. ಯಾವುದರ ಆಮೇಲೆ ಎಂದು ಭಾಷ್ಯಕಾರರು ಪುಟಗಟ್ಟಲೆ ಕಾದಾಡಿದ್ದಾರೆ. ಮೈಸೂರಿನ ಮಟ್ಟಿಗೆ ಆ ವಿವಾದವಿಲ್ಲ: ಎದುರುಮನೆ ಹುಡುಗ ಹೊರದೇಶಕ್ಕೆ ಓದಲು ಹೋದ ಆಮೇಲೆ. ಕುವೆಂಪುನಗರದ ಯಾವುದೇ ಕ್ರಾಸಿನಲ್ಲಿ ಎರಡು ದಪ್ಪ ಸೂಟ್‌ಕೇಸು ಟ್ಯಾಕ್ಸಿ ಹತ್ತಿದ ಸಂಜೆಯೇ ಎದುರುಮನೆಯಲ್ಲಿ ಜಿಜ್ಞಾಸೆ ಹುಟ್ಟುತ್ತದೆ. ‘ನಮ್ಮೋನೇನು ಕಮ್ಮಿ?’ ಇದೇ ಈ ಶಾಸ್ತ್ರದ ಮೂಲಸೂತ್ರ, ಉಳಿದದ್ದೆಲ್ಲ ವ್ಯಾಖ್ಯಾನ.

ಅಧಿಕಾರಿ ಯಾರು? ಎರಡನೇ ಪಿಯುಸಿ ಓದುತ್ತಿರುವ, ಹದಿನೇಳು ತುಂಬಿದ, ಬೆಳಿಗ್ಗೆ ಕಾಲೇಜಿಗೂ ಸಂಜೆ ಸಿಇಟಿ ಕೋಚಿಂಗಿಗೂ ಹೋಗಿಬರುವ ಬಾಲಕ ಅಥವಾ ಬಾಲಕಿ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ‘ಮೈಸೂರಿನವರು ಹೊರದೇಶಕ್ಕೆ ಹೋಗಿ ಓದಿದ್ದು ಹೊಸದೇನಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿಗೆ ಹೋಗಲಿಲ್ಲವೇ? ಅದೇ ಕಾಲೇಜಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋಗಲಿಲ್ಲವೇ?’ ಹೋದರು, ಒಪ್ಪಿದೆವು. ಆದರೆ ರಾಮಾನುಜನ್ ಹುಟ್ಟಿದ್ದು 1929ರಲ್ಲಿ. ಹೊರಟಾಗ ವಯಸ್ಸು ಮೂವತ್ತು. ಎಂ.ಎ. ಮುಗಿಸಿ, ನಾಲ್ಕಾರು ಊರುಗಳಲ್ಲಿ ಪಾಠ ಹೇಳಿ ಹೋದವರು. ಮೂವತ್ತರ ಹೊತ್ತಿಗೆ ಮನುಷ್ಯನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಏನಾದರೂ ಇರುತ್ತದೆ. ನಮ್ಮ ಅಧಿಕಾರಿಗೆ ಇರುವುದು ಒಂದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು.

ಇನ್ನೊಂದು ದೃಷ್ಟಾಂತವೂ ಉಂಟು. 1892ರಲ್ಲಿ ವಿವೇಕಾನಂದರು ಮೈಸೂರಿಗೆ ಬಂದಿದ್ದಾಗ ಚಾಮರಾಜ ಒಡೆಯರು ಅವರ ಪಯಣಕ್ಕೆ ನೆರವಿನ ಮಾತು ಕೊಟ್ಟರು. ಸ್ವಾಮೀಜಿ ಅಮೆರಿಕ ತಲುಪಿದ ಮೇಲೆ ತಿಳಿದದ್ದು: ಸರ್ವಧರ್ಮ ಸಮ್ಮೇಳನಕ್ಕೆ ಶಿಫಾರಸು ಪತ್ರ ಬೇಕು, ಹೆಸರು ಕೊಡುವ ಗಡುವೂ ಮುಗಿದಿದೆ. ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಪತ್ರ ಬರೆದುಕೊಟ್ಟರು, ಕೆಲಸವಾಯಿತು. ಗಡುವು ಮೀರಿದ ಅರ್ಜಿ ಅಂಗೀಕಾರವಾದದ್ದಕ್ಕೆ ಈ ಶಾಸ್ತ್ರದಲ್ಲಿ ಬೇರೆ ಪ್ರಮಾಣವಿಲ್ಲವಾದ್ದರಿಂದ ಯಾರೂ ಇದನ್ನು ನಂಬಿ ಕೂರಬಾರದು.

ಈಗ ಶಾಸ್ತ್ರದ ಹೃದಯ. ಅಮೆರಿಕದ ಕಾಲೇಜುಗಳು ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ 650 ಪದ ಮೀರದಂತೆ ಒಂದು ಪ್ರಬಂಧ ಕೇಳುತ್ತವೆ. ಇಂಗ್ಲೆಂಡಿನ ಯುಕಾಸ್‌ನವರದು 4,000 ಅಕ್ಷರ. ವಿಷಯ ಎರಡು ಕಡೆಯೂ ಒಂದೇ: ನೀನು. ಹುಟ್ಟಿದಾಗಿನಿಂದ ‘ನಮ್ಮ ಬಗ್ಗೆ ನಾವೇ ಹೇಳ್ಕೋಬಾರದು ಮರಿ, ಬೇರೆಯೋರು ಹೇಳ್ಬೇಕು’ ಎಂದು ಕೇಳಿ ಬೆಳೆದ ಕೂಸಿಗೆ ಇದ್ದಕ್ಕಿದ್ದಂತೆ ಇಂಥ ಆಜ್ಞೆ. ಪರಂಪರೆಯಲ್ಲಿ ಇದಕ್ಕೆ ಒಂದೇ ಆಧಾರ, ಕರ್ಣಪರ್ವ. ಅಣ್ಣನನ್ನು ಬೈದ ಪಾಪಕ್ಕೆ ಸಾಯಲು ಹೊರಟ ಅರ್ಜುನನಿಗೆ ಕೃಷ್ಣ ಹೇಳುವುದು: ನಿನ್ನನ್ನು ನೀನೇ ಹೊಗಳಿಕೋ, ಅದು ಸತ್ತಿದ್ದಕ್ಕೆ ಸಮ. ಅರ್ಜುನ ಹೊಗಳಿಕೊಂಡ. ಇತಿಹಾಸದಲ್ಲಿ ಇದೇ ಮೊದಲ ಪರ್ಸನಲ್ ಸ್ಟೇಟ್‌ಮೆಂಟು. ಕೃಷ್ಣನೇ ಮೊದಲ ಕನ್ಸಲ್ಟೆಂಟು, ಫೀಸು ತೆಗೆದುಕೊಳ್ಳದ ಕೊನೆಯ ಕನ್ಸಲ್ಟೆಂಟೂ ಅವನೇ.

(ಪ್ರಾಸಂಗಿಕ: ಇದೇ ಹೊತ್ತಿಗೆ ಗೋಕುಲಂನಲ್ಲಿ, ಪಟ್ಟಾಭಿ ಜೋಯಿಸರ ಯೋಗ ಅರಸಿ ಬಂದ ಅಮೆರಿಕದವರು ‘ನಾನು’ ಎಂಬುದನ್ನು ಕಳೆದುಕೊಳ್ಳಲು ಡಾಲರಿನಲ್ಲಿ ಹಣ ಕಟ್ಟಿ ಬೆಳಗಿನ ಜಾವಕ್ಕೇ ಎದ್ದು ಬೆವರುತ್ತಿರುತ್ತಾರೆ. ಪಕ್ಕದ ಬೀದಿಯ ಹುಡುಗಿ ಅದೇ ‘ನಾನು’ವನ್ನು 650 ಪದಗಳಿಗೆ ಬೆಳೆಸಲು ರೂಪಾಯಿಯಲ್ಲಿ ಹಣ ಕಟ್ಟಿರುತ್ತಾಳೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಎಳನೀರು ಕುಡಿಯುತ್ತಾರೆ.)

ಪ್ರಬಂಧಕ್ಕೆ ಕೊಟ್ಟಿರುವ ವಿಷಯಗಳಲ್ಲಿ ಒಂದು, ನೀನು ಎದುರಿಸಿದ ಕಷ್ಟ, ಹಿನ್ನಡೆ ಅಥವಾ ಸೋಲು. ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಬಾರದು ಎಂಬುದು ಅನುಭವಿಗಳ ಮತ. ‘ನಮ್ಮನೇಲಿ ನಿನಗೇನೋ ಕಷ್ಟ ಬಂದಿದೆ? ಓದಿದೋರು ಏನಂದ್ಕೋತಾರೆ?’ ಎಂದು ತಾಯಿ ಸೌಟು ಕೆಳಗಿಡುತ್ತಾರೆ. ತಂದೆ ತಮ್ಮ ಬಾಲ್ಯದ ಬಡತನವನ್ನು ಎರವಲು ಕೊಡಲು ಸಿದ್ಧ. ತಾತ ವಾರಾನ್ನದ ಕಾಲದ್ದನ್ನು ಕೊಡಲೂ ಸಿದ್ಧ. ಆದರೆ ಅರ್ಜಿಯಲ್ಲಿ ಪಿತ್ರಾರ್ಜಿತ ಕಷ್ಟ ನಡೆಯುವುದಿಲ್ಲ, ಸ್ವಯಾರ್ಜಿತವೇ ಬೇಕು. ಕೊನೆಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲೇ ಗತಿ. ನಂದಿಯವರೆಗೆ ಏದುಸಿರು, ನಂದಿಯ ಹತ್ತಿರ ಆತ್ಮಶೋಧನೆ, ತುದಿಯಲ್ಲಿ ನಾಯಕತ್ವ. ನವೆಂಬರಿನಲ್ಲಿ ಎಷ್ಟು ಮಂದಿ ಈ ಬೆಟ್ಟ ಹತ್ತಿ ಹಡ್ಸನ್ ನದಿಯ ದಡದಲ್ಲಿ ಇಳಿಯುತ್ತಾರೋ ತಾಯಿಗೇ ಗೊತ್ತು.

ಅದೇ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಮನೆಗಳಿವೆ, ಒಂದೊಂದರ ವಿವರಣೆಗೂ 150 ಅಕ್ಷರ. ಕರ್ನಾಟಕ ಸಂಗೀತ ಜೂನಿಯರ್, ಹಿಂದಿ ಪ್ರಥಮಾ, ಅಬ್ಯಾಕಸ್ ಎಂದು ಮೂರು ತುಂಬುತ್ತದೆ. ನಾಲ್ಕನೆಯದಕ್ಕೆ ಸಂಘ ಕಟ್ಟಬೇಕು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಭಾನುವಾರ ಪ್ಲಾಸ್ಟಿಕ್ ಹೆಕ್ಕಿದ ನಾಲ್ವರ ಸಂಘಕ್ಕೆ ನಾಲ್ವರು ಸಂಸ್ಥಾಪಕ ಅಧ್ಯಕ್ಷರು. ಸದಸ್ಯರು ಇಲ್ಲ.

ಇಷ್ಟರವರೆಗೆ ತಾನೇ ಹೊಗಳಿಕೊಂಡದ್ದಾಯಿತು. ಇನ್ನು ಶಿಫಾರಸಿನಲ್ಲಿ ಬೇರೆಯವರು ಹೊಗಳಬೇಕು. ಶಾಸ್ತ್ರ ಮುಗ್ಗರಿಸುವುದು ಇಲ್ಲಿಯೇ. ನಮ್ಮ ಕಾಲೇಜುಗಳಿಗೆ ಗೊತ್ತಿರುವ ಪರಮಸ್ತುತಿ ಎಂದರೆ ಟಿಸಿಯಲ್ಲಿ ಬರೆಯುವ ‘ಗುಣನಡತೆ: ತೃಪ್ತಿಕರ’. ಸರಸ್ವತಿಪುರದ ಒಂದು ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಹುಡುಗನ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಕನ್ನಡಕ ಏರಿಸಿದರು.

‘ಏನಯ್ಯ ಇದು, ಬಿಲೋ ಆವರೇಜಿಂದ ಹಿಡಿದು ನಾನು ಕಂಡ ಅತ್ಯುತ್ತಮ ಕೆಲವರಲ್ಲಿ ಒಬ್ಬ ಅನ್ನೋವರೆಗೂ ಇಟ್ಟಿದಾರೆ?’

‘ಕೊನೇದಕ್ಕೆ ಟಿಕ್ ಹಾಕಿದ್ರೆ ಒಳ್ಳೇದು ಸರ್.’

‘ನನ್ನ ಸರ್ವೀಸಲ್ಲಿ ಎಷ್ಟು ಬ್ಯಾಚ್ ನೋಡಿದೀನಿ ಕಣಯ್ಯ. ಅವರನ್ನೆಲ್ಲ ಬಿಟ್ಟು ನೀನು? ಫಸ್ಟ್ ಟೆಸ್ಟಲ್ಲಿ ಆರ್ಗ್ಯಾನಿಕ್‌ಗೆ ಏನು ಬರೆದಿದ್ದೆ, ಜ್ಞಾಪಕ ಇದೆಯಾ?’

ಬಹಳ ಹೊತ್ತು ಯೋಚಿಸಿ ‘ಗುಡ್’ ಎಂಬಲ್ಲಿ ಒತ್ತಿದರು. ‘ಗುಡ್ ಅಂತ ನಾನು ಯಾರಿಗೂ ಹಾಕೋನಲ್ಲ. ಹೋಗು, ಒಳ್ಳೇದಾಗ್ಲಿ.’

ಅವರು ಕೊಟ್ಟದ್ದು ಚಿನ್ನದ ಪದಕ; ಅಮೆರಿಕದ ಕಾಲೇಜಿನವರಿಗೆ ಅದು ತಗಡಾಗಿ ಕಾಣುತ್ತದೆ. ಕೌನ್ಸೆಲರ್ ಎಂಬ ಇನ್ನೊಬ್ಬರೂ ಬರೆಯಬೇಕು. ಅಂಥ ಹುದ್ದೆಯೇ ಇಲ್ಲದ್ದರಿಂದ ಪ್ರಿನ್ಸಿಪಾಲರು ‘ಡಿಡಿಪಿಯು ಆಫೀಸಿಗೆ ಒಂದು ಮಾತು ಕೇಳಲೇ?’ ಎಂದು ಅರ್ಜಿಯ ಮೇಲೆ ಇನ್ನೊಂದು ಅರ್ಜಿ ಬರೆಸುತ್ತಾರೆ.

ಕಾಲನಿರ್ಣಯ. ಮುಂಚಿತವಾಗಿ ಹಾಕುವ ಅರ್ಜಿಗೆ ಅಮೆರಿಕದ ಹಲವು ಕಾಲೇಜುಗಳ ಗಡುವು ನವೆಂಬರ್ 1. ಅಂದು ಕನ್ನಡ ರಾಜ್ಯೋತ್ಸವ. ಕಾಲೇಜಿಗೆ ರಜೆ, ಗುಮಾಸ್ತರು ಧ್ವಜಾರೋಹಣ ಮುಗಿಸಿ ಮನೆಗೆ ಹೋಗಿದ್ದಾರೆ, ವೃತ್ತದ ಧ್ವನಿವರ್ಧಕದಲ್ಲಿ ನಾಡುನುಡಿಯ ಅಭಿಮಾನ ಕಿವಿಗಡಚಿಕ್ಕುತ್ತಿದೆ. ಒಳಗೆ ಕಿಟಕಿ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಕೊನೆಯ ಪ್ಯಾರಾ ತಿದ್ದಲಾಗುತ್ತಿದೆ. ಸಬ್‌ಮಿಟ್ ಒತ್ತುವ ಮುನ್ನ ಅಜ್ಜಿ ಒಂಟಿಕೊಪ್ಪಲ್ ಪಂಚಾಂಗ ತೆರೆಯುತ್ತಾರೆ. ಇಲ್ಲಿ ಎರಡು ಮತಗಳಿವೆ. ಒತ್ತುವ ಬೆರಳಿರುವ ಊರಿನ ರಾಹುಕಾಲವೇ ಪ್ರಮಾಣ ಎಂಬುದು ಪ್ರಾಚೀನರ ಪಕ್ಷ. ಅರ್ಜಿ ತಲುಪುವ ಬಾಸ್ಟನ್ನಿನದು ಎಂಬುದು ನವೀನರದು. ಎರಡೂ ತಪ್ಪಿಸಿ ಒತ್ತುವ ಹೊತ್ತಿಗೆ ವೈಫೈ ಹೋಗಿರುತ್ತದೆ.

ಧನಪ್ರಕರಣವನ್ನು ಸಂಕ್ಷೇಪವಾಗಿ ಹೇಳುವುದೇ ಕ್ಷೇಮ. ಸರ್ಕಾರಿ ಬ್ಯಾಂಕುಗಳ ಮಾಮೂಲು ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಆಸ್ತಿ ಅಡಮಾನ ಬೇಕು. ರಿಟೈರಾದ ಮೇಲೆ ಮನೆ ಕಟ್ಟಲೆಂದು ಬೋಗಾದಿ ಕಡೆ ಕೊಂಡಿದ್ದ ಥರ್ಟಿ ಫಾರ್ಟಿ ಸೈಟು ಹೀಗೆ ಜ್ಞಾನಮಾರ್ಗ ಹಿಡಿಯುತ್ತದೆ. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ಹಿಗ್ಗುವವರು, ಒಂದು ವರ್ಷದ ಖರ್ಚೆಂದು 11,904 ಯೂರೊವನ್ನು ಮೊದಲೇ ಅಲ್ಲಿನ ಖಾತೆಯಲ್ಲಿ ಕಟ್ಟಿಡಬೇಕೆಂಬ ಉಪಸೂತ್ರವನ್ನೂ ಓದತಕ್ಕದ್ದು.

ಉಪಸಂಹಾರ ಚೆನ್ನೈನಲ್ಲಿ. ಸೀಟು ಸಿಕ್ಕಿದ ಭಾಗ್ಯಶಾಲಿ ಅಮೆರಿಕದ ಕಾನ್ಸುಲೇಟಿನ ವೀಸಾ ಕಿಟಕಿಯ ಮುಂದೆ ನಿಂತಿದ್ದಾನೆ. ಕೈಯಲ್ಲಿ ಫೈಲು, ನಾಲಗೆಯ ತುದಿಯಲ್ಲಿ ಅಷ್ಟೂ 650 ಪದ, ಸಾವಿರ ಮೆಟ್ಟಿಲು, ಕೆರೆ, ಅಧ್ಯಕ್ಷಗಿರಿ. ಗಾಜಿನ ಆಚೆಯ ಅಧಿಕಾರಿ ತಲೆಯೆತ್ತದೆ ಕೇಳುತ್ತಾರೆ, ಖರ್ಚು ಯಾರು ನೋಡಿಕೊಳ್ಳುತ್ತಾರೆ?

‘ಮೈ ಫಾದರ್, ಸರ್.’