ಮನೆ ಕೊಳ್ಳೋದು ಒಂದು ದಿನದ ಕೆಲಸ, ಹೆಂಚು ಕೈಯಾಡಿಸೋದು ವರ್ಷ ವರ್ಷದ್ದು

ಕ್ಯಾತ್ಸಂದ್ರದ ಮಂಗಳೂರು ಹೆಂಚಿನ ಜೊತೆ ಕಾಲ್ಪನಿಕ ಸಂದರ್ಶನ

ಉಡುಪಿ, ಕುಂದಾಪುರ, ಮಂಗಳೂರು ಕಡೆ ಹಾಳುಬಿದ್ದ ಗುತ್ತಿನ ಮನೆ, ಚೌಕಿಮನೆಗಳನ್ನು ಕೊಂಡು ದುರಸ್ತಿ ಮಾಡಿಸುವ ಉಮೇದು ಈಗ ಜೋರಾಗಿದೆ. ಹೋಂಸ್ಟೇ ಆಗಲಿ, ಕೆಫೆ ಆಗಲಿ, ನಿವೃತ್ತಿಯ ನಂತರದ ಬಿಡಾರವಾಗಲಿ, ‘ಹೆರಿಟೇಜ್’ ಎಂಬ ಹಣೆಪಟ್ಟಿ ಬಿದ್ದರೆ ಸಾಕು, ಹಾಳುಮನೆಗೂ ಗಿರಾಕಿ ಹುಟ್ಟುತ್ತಾನೆ. ಈ ಬಗ್ಗೆ ವಾಸ್ತುಶಿಲ್ಪಿಗಳು, ದಲ್ಲಾಳಿಗಳು, ರೀಲ್ಸ್ ಮಾಡುವವರು ಬೇಕಾದಷ್ಟು ಮಾತಾಡಿದ್ದಾರೆ. ಮಳೆಯನ್ನು ಬೆನ್ನ ಮೇಲೆ ತಡೆದವರನ್ನು ಮಾತ್ರ ಯಾರೂ ಕೇಳಿಲ್ಲ. ಅದಕ್ಕೇ ಕರಾವಳಿಯಲ್ಲಿ ಹುಟ್ಟಿ, ಬಯಲುಸೀಮೆಯಲ್ಲಿ ನೆಲೆನಿಂತು, ಎರಡೂ ಕಡೆಯ ಮನೆಗಳ ಹಣೆಬರಹ ಬಲ್ಲವರೊಬ್ಬರನ್ನು ಮಾತಿಗೆ ಎಳೆದಿದ್ದೇವೆ: ತುಮಕೂರಿನ ಕ್ಯಾತ್ಸಂದ್ರದ ಹಳೆಯ ತೊಟ್ಟಿಮನೆಯೊಂದರ ಚಾವಣಿಯ ಮಂಗಳೂರು ಹೆಂಚು. ದೇಹದ ತೂಕ ಸುಮಾರು 2.5 ಕೆ.ಜಿ. ಮಾತಿನ ತೂಕವನ್ನು ಓದುಗರೇ ನೋಡಿಕೊಳ್ಳಬೇಕು.

ಪ್ರಶ್ನೆ: ಮೊದಲು ತಮ್ಮ ಮನೆತನದ ಪರಿಚಯ ಆಗಲಿ.

ಹೆಂಚು: ನಮ್ಮ ವಂಶ ಶುರುವಾದದ್ದು 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಸಾಹೇಬರು ಅಲ್ಲಿ ಕಾರ್ಖಾನೆ ಹಾಕಿದರು. ನದಿ ದಂಡೆಯ ಜೇಡಿಮಣ್ಣು, ಯುರೋಪಿನ ಅಚ್ಚು, ತುಳುನಾಡಿನ ದುಡಿಮೆ, ಮೂರೂ ಸೇರಿ ನಾವಾದೆವು. ಅಲ್ಲಿಯವರೆಗೆ ಹೆಂಚು ಅಂದರೆ ಕುಂಬಾರರ ನಾಡಹೆಂಚು. ನಮ್ಮ ವಿಶೇಷವೆಂದರೆ ಒಬ್ಬರ ಅಂಚಿಗೆ ಇನ್ನೊಬ್ಬರು ಕೊಂಡಿ ಹಾಕಿಕೊಂಡು ರೀಪಿನ ಮೇಲೆ ಕೂರುತ್ತೇವೆ. ಒಬ್ಬರು ಒಡೆದರೆ ಆ ಒಬ್ಬರನ್ನೇ ಕೈಯಲ್ಲಿ ಎತ್ತಿ ಬೇರೊಬ್ಬರನ್ನು ಕೂರಿಸಬಹುದು, ಮಿಕ್ಕವರಿಗೆ ಸುದ್ದಿಯೇ ತಿಳಿಯುವುದಿಲ್ಲ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಂಗಳೂರಿನ ಮಳೆಗೆಂದು ಹುಟ್ಟಿದವರು, ಅದರ ಐದನೇ ಒಂದು ಪಾಲು ಬೀಳುವ ತುಮಕೂರು ಸೀಮೆಗೆ ಬಂದೆವು. ಇಲ್ಲಿ ನಮ್ಮದು ಸರ್ಕಾರಿ ನೌಕರಿ ಇದ್ದ ಹಾಗೆ: ಕೆಲಸ ಕಡಿಮೆ, ಆದರೆ ಹುದ್ದೆ ಖಾಲಿ ಬಿಡುವಂತಿಲ್ಲ.

ಪ್ರಶ್ನೆ: ಹಳೆಯ ಮನೆಗಳು ಬೀಳುವುದು ವಯಸ್ಸಾಗಿ ತಾನೇ? ಅದಕ್ಕೆ ಯಾರನ್ನು ದೂರುವುದು?

ಹೆಂಚು: ಪಂಚನಾಮೆ ಮಾಡದೆ ವಯಸ್ಸಿನ ಮೇಲೆ ಕೇಸು ಹಾಕಬೇಡಿ. ಮನೆ ಸಾಯುವ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ಒಂದು ಹೆಂಚು ಜಾರುತ್ತದೆ. ನೀರು ರೀಪಿಗೆ ಇಳಿಯುತ್ತದೆ, ಒದ್ದೆ ರೀಪಿಗೆ ಗೆದ್ದಲು ಬರುತ್ತದೆ, ರೀಪಿನಿಂದ ಜಂತೆಗೆ, ಜಂತೆಯಿಂದ ತೊಲೆಗೆ ದಾಟುತ್ತದೆ. ಆಮೇಲೆ ಗೋಡೆಯ ನೆತ್ತಿ ನೆನೆಯುತ್ತದೆ. ಮಣ್ಣಿನ ಗೋಡೆಯ ನೆತ್ತಿ ನೆನೆದರೆ ಕೆಲವೇ ಮಳೆಗಾಲಕ್ಕೆ ಕಥೆ ಮುಗಿಯಿತು. ಇದನ್ನು ತಡೆಯಲು ಬೇಕಾದದ್ದು ಮುಂಗಾರಿಗೆ ಮುಂಚೆ ಒಬ್ಬ ಆಳು, ಒಂದು ಏಣಿ, ಹತ್ತಾರು ಹೆಂಚು. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಆಳಿನ ಕೂಲಿಯನ್ನು ಹಿಂದೆ ಯಾರು ಕೊಡುತ್ತಿದ್ದರು, ಈಗ ಯಾಕೆ ಯಾರೂ ಕೊಡುತ್ತಿಲ್ಲ?

ಕರಾವಳಿಯ ದೊಡ್ಡ ಮನೆಗಳ ಮಟ್ಟಿಗೆ ಉತ್ತರ ಸ್ಪಷ್ಟ. ಆ ಚಾವಣಿಗಳು ನಿಂತದ್ದು ಗೇಣಿ ಅಕ್ಕಿಯ ಮೇಲೆ. ಚಾಲಗೇಣಿ ಒಕ್ಕಲುಗಳು ಹೊತ್ತು ತಂದ ಅಕ್ಕಿ ಮುಡಿಗಳಲ್ಲಿ ಹೆಂಚಿನ ಖರ್ಚೂ ಇತ್ತು, ಬಡಗಿಯ ಕೂಲಿಯೂ ಇತ್ತು. 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ಜಾರಿಯಾಗಿ ಗೇಣಿ ರದ್ದಾಯಿತು, ಉಳುವವನಿಗೆ ಹೊಲ ಸಿಕ್ಕಿತು. ಆಗಲೇಬೇಕಾಗಿದ್ದ ನ್ಯಾಯ ಅದು, ನನಗೆ ತಕರಾರಿಲ್ಲ. ಅದಕ್ಕೂ ಮೊದಲೇ 1949ರ ಕಾಯ್ದೆ ಅಳಿಯಸಂತಾನ ಕುಟುಂಬಗಳ ಆಸ್ತಿ ಪಾಲಿಗೆ ದಾರಿ ಮಾಡಿಕೊಟ್ಟಿತ್ತು. ಘಟ್ಟದ ಮೇಲೆ, ನಮ್ಮ ಕಡೆ, 1994ರಲ್ಲಿ ರಾಜ್ಯದ ಕಾಯ್ದೆಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಅದೂ ನ್ಯಾಯವೇ. ಆದರೆ ಎಲ್ಲ ಕಡೆಯೂ ಹಕ್ಕು ಪಾಲಾಯಿತು, ಹೊಣೆ ಪಾಲಾಗಲಿಲ್ಲ. ಹದಿನಾರು ಜನರ ಹೆಸರಿರುವ ಖಾತೆಯಲ್ಲಿ ಏಣಿ ಹತ್ತುವವನ ಹೆಸರು ಇರುವುದಿಲ್ಲ. ಮನೆ ಬಿದ್ದದ್ದು ಅದಕ್ಕೆ.

ಪ್ರಶ್ನೆ: ಈಗ ದುಡ್ಡಿರುವವರು ಬಂದು ಕೊಳ್ಳುತ್ತಿದ್ದಾರಲ್ಲ. ಸಂತೋಷಪಡಬೇಕಲ್ಲವೇ?

ಹೆಂಚು: ಕೊಳ್ಳುವುದನ್ನೇ ಕಾಪಾಡುವುದು ಅಂದುಕೊಂಡಿದ್ದಾರೆ, ಅದೇ ನನ್ನ ಸಂಕಟ. ಮೊದಲ ವರ್ಷದ ಖರ್ಚು ನೋಡಬೇಕು: ಕಂಬಕ್ಕೆ ಪಾಲಿಷ್, ಬಾಗಿಲಿಗೆ ಹಿತ್ತಾಳೆ, ಅಂಗಳಕ್ಕೆ ದೀಪ, ಗೃಹಪ್ರವೇಶಕ್ಕೆ ಡ್ರೋನ್. ಎರಡನೇ ವರ್ಷದ ಲೆಕ್ಕದಲ್ಲಿ ಚಾವಣಿಗೆ ಒಂದು ಸಾಲೂ ಇರುವುದಿಲ್ಲ. ಇಟಲಿಯ ಹಳ್ಳಿಗಳನ್ನು ನೋಡಿ. ಸಿಸಿಲಿಯ ಸಾಂಬೂಕಾದಲ್ಲಿ 2019ರಲ್ಲಿ ಹಾಳುಮನೆಗಳನ್ನು ಒಂದು ಯೂರೋಗೆ ಹರಾಜಿಗಿಟ್ಟರು. ಜಗತ್ತೆಲ್ಲ ಆ ಒಂದು ಯೂರೋ ನೋಡಿ ಬೆರಗಾಯಿತು. ಕೊಂಡವರು 5,000 ಯೂರೋ ಠೇವಣಿ ಇಡಬೇಕು, ಮೂರು ವರ್ಷದಲ್ಲಿ ದುರಸ್ತಿ ಮುಗಿಸಬೇಕು ಎಂಬ ಷರತ್ತನ್ನು ಕಡಿಮೆ ಜನ ಗಮನಿಸಿದರು. ಹಳ್ಳಿಯವರು ಮನೆಗೆ ಕಟ್ಟಿದ ಬೆಲೆ ಒಂದು ಯೂರೋ, ದುರಸ್ತಿಯ ಮಾತಿಗೆ ಕಟ್ಟಿದ್ದು ಅದರ 5,000 ಪಟ್ಟು. ನಮ್ಮ ಕಡೆ ಲೆಕ್ಕ ತಿರುಗುಮುರುಗು: ಮನೆಗೆ ಕೋಟಿ, ಮಾತಿಗೆ ಸೊನ್ನೆ.

ಪ್ರಶ್ನೆ: ಪ್ರತಿವರ್ಷದ ಈ ಗೋಳೇ ಬೇಡ ಅಂತ ತಾನೇ ಜನ ಸಿಮೆಂಟಿಗೆ, ಆರ್‌ಸಿಸಿಗೆ ಹೋಗುವುದು? ಒಮ್ಮೆ ಹಾಕಿದರೆ ನಿಶ್ಚಿಂತೆ.

ಹೆಂಚು: ನಿಶ್ಚಿಂತೆಯ ಮಾತು ನಂಬಿದವರ ಮನೆ ಮೇಲಕ್ಕೆ ಒಮ್ಮೆ ಕಣ್ಣು ಹಾಯಿಸಿ. ಕರಾವಳಿಯಲ್ಲಿ ಈಗ ಎಷ್ಟೋ ಆರ್‌ಸಿಸಿ ಮನೆಗಳ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರಾಗಿ ಶೀಟು ಹೊದಿಸಿದ್ದಾರೆ. ಸೋರದ ಚಾವಣಿ ಸೋರದಿರಲೆಂದು ಅದರ ಮೇಲೆ ಇನ್ನೊಂದು ಚಾವಣಿ! ನನ್ನನ್ನು ಇಳಿಸಿ ಮೂವತ್ತು ವರ್ಷಕ್ಕೆ ನನ್ನ ಇಳಿಜಾರನ್ನೇ ತಗಡಿನಲ್ಲಿ ವಾಪಸ್ ಕರೆದರು. ಉಪ್ಪುಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸಿಮೆಂಟು ಚಕ್ಕೆ ಏಳುವುದು ಬೇರೆ ಅಧ್ಯಾಯ.

ಹಳೆ ಗೋಡೆಗೆ ಸಿಮೆಂಟು ಬಳಿಯುವುದು ಇನ್ನೂ ದೊಡ್ಡ ಅನಾಹುತ. ಮುರಕಲ್ಲಿನ ಗೋಡೆ, ಮಣ್ಣಿನ ಗೋಡೆ, ಸುಣ್ಣದ ಗಾರೆ ಇವೆಲ್ಲ ನೆಲದ ತೇವವನ್ನು ಹೀರಿ ಬಿಸಿಲಿಗೆ ಬಿಡುವ ಜಾತಿ. ಮೇಲೆ ಸಿಮೆಂಟಿನ ಕವಚ ತೊಡಿಸಿದರೆ ಒಳಗಿನ ನೀರಿಗೆ ಹೊರದಾರಿ ಮುಚ್ಚುತ್ತದೆ, ಉಪ್ಪು ಒಳಗೇ ಹರಳುಗಟ್ಟುತ್ತದೆ, ಗೋಡೆ ಹೊರಗೆ ನಯವಾಗಿ ಕಾಣುತ್ತಲೇ ಒಳಗೆ ಪುಡಿಯಾಗುತ್ತದೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದದ್ದು ಬರೀ ಬೆಳ್ಳಗೆ ಕಾಣಲಿ ಅಂತಲ್ಲ, ಗೋಡೆಗೆ ಅದೇ ವಾರ್ಷಿಕ ಚಿಕಿತ್ಸೆ. ‘ಒಮ್ಮೆ ಹಾಕಿದರೆ ಮುಗಿಯಿತು’ ಎಂಬ ಆಸೆಯೇ ಹಳೆ ಮನೆಗಳ ದೊಡ್ಡ ಶತ್ರು. ಗೆದ್ದಲಿಗಾದರೂ ಔಷಧಿಯಿದೆ.

ಪ್ರಶ್ನೆ: ಹೆಂಚು ಕೈಯಾಡಿಸುವವರು ಸಿಗಬೇಕಲ್ಲ? ದೇವರಾಯನದುರ್ಗದ ಕಡೆಯಿಂದ ಬರುವ ಕೋತಿಗಳ ಕಥೆ ಏನು?

ಹೆಂಚು: ಕೋತಿಗಳ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ, ಕ್ಷಮಿಸಿ. ಅವು ಓಡಾಡುವ ಕಡೆ ಹೆಂಚು ಹಾಕುವವರು ಹೆಚ್ಚು ಹೆಂಚು ಕೂಡಿಟ್ಟುಕೊಳ್ಳಬೇಕು, ಇಲ್ಲವೇ ಬಲೆ ಹೊದಿಸಬೇಕು, ಬೇರೆ ದಾರಿಯಿಲ್ಲ. ಕೆಲಸಗಾರರ ಮಾತು ಮಾತ್ರ ನಿಜವಾದ ಆಕ್ಷೇಪ. ಏಣಿ ಹತ್ತುವವರು, ಗಾರೆ ಅರೆಯುವವರು ಕಡಿಮೆಯಾದದ್ದು ಹೌದು. ಅದು ಕೂಡ ವರ್ಷದ ಕೆಲಸ ನಿಂತದ್ದರ ಫಲ. ಹತ್ತು ವರ್ಷಕ್ಕೊಮ್ಮೆ ಕರೆದರೆ ಯಾವ ಕಸುಬೂ ಉಳಿಯುವುದಿಲ್ಲ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಪೂರ್ತಿ ಕಟ್ಟುತ್ತಾರೆ, ಕೊನೆಯ ಬಾರಿ 2013ರಲ್ಲಿ ಕಟ್ಟಿದರು. ಅಲ್ಲಿ ಉಳಿದಿರುವುದು ಹಳೆಯ ಮರವಲ್ಲ, ಮರದ ಕೆಲಸ ಬಲ್ಲ ಕೈ. ಹಿರಿಯ ಬಡಗಿ ಸಾಯುವ ಮೊದಲು ಕಿರಿಯನ ಕೈಗೆ ಉಳಿ ದಾಟುವಂತೆ ಅವರು ಗಡುವು ಹಾಕಿಕೊಂಡಿದ್ದಾರೆ. ನಾವು ಮರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಡಗಿಯನ್ನು ಬೆಂಗಳೂರಿನ ಸೆಕ್ಯೂರಿಟಿ ಕೆಲಸಕ್ಕೆ ಕಳಿಸಿದ್ದೇವೆ.

ಪ್ರಶ್ನೆ: ಗಾಜಿನ ಪೆಟ್ಟಿಗೆಯನ್ನು ಹಂಗಿಸಬೇಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸದಿದ್ದರೆ ಅವು ಸೌದೆಯಾಗುತ್ತಿದ್ದವು.

ಹೆಂಚು: ಒಪ್ಪಿದೆ. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಇವತ್ತು ನೋಡಲು ಸಿಗುವುದು ಆ ಹಟದಿಂದಲೇ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ 2011ರಲ್ಲಿ ಕೆಡವುವವರ ಕೈಯಿಂದ ತಪ್ಪಿಸಿಕೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾದದ್ದೂ ಸಂತೋಷವೇ. ಆದರೆ ಎರಡೂ ಐಸಿಯು ಕೇಸುಗಳು. ಐಸಿಯುನಿಂದ ಒಂದು ಜೀವ ಉಳಿಯಬಹುದು, ಊರಿನ ಆರೋಗ್ಯ ನೆಟ್ಟಗಾಗುವುದಿಲ್ಲ. ಎಲ್ಲ ಮನೆಯಲ್ಲೂ ನಾರಾಯಣ್ ಇರಲಿಲ್ಲ, ಎಲ್ಲ ಚೌಕಿಮನೆಗೂ ಶೆಣೈ ಸಿಗುವುದಿಲ್ಲ. ಗಮನಿಸಿ, ಆ ಎರಡೂ ಕಡೆ ಚಾವಣಿ ಮುಂದೆಯೂ ನಿಲ್ಲಬೇಕಾದರೆ ನಿರ್ವಹಣೆಗೆ ಯಾರಾದರೂ ಪ್ರತಿವರ್ಷ ದುಡ್ಡು ಎತ್ತಿಡಲೇಬೇಕು. ನನ್ನ ವಾದ ಅಲ್ಲೂ ಸುಳ್ಳಾಗಿಲ್ಲ.

ಪ್ರಶ್ನೆ: ಇನ್ನೊಂದು ಆಕ್ಷೇಪ. ಈ ಮನೆಗಳ ಜಗಲಿ ಹತ್ತಲಾಗದವರು ಇದ್ದರು, ತೊಟ್ಟಿ ದಾಟಲಾಗದವರು ಇದ್ದರು, ತಿಂಗಳಿಗೆ ಮೂರು ದಿನ ಹಿತ್ತಿಲಲ್ಲಿ ಕೂತ ಹೆಂಗಸರು ಇದ್ದರು. ಇಂಥವು ಬಿದ್ದರೆ ಬೀಳಲಿ ಅಂದರೆ?

ಹೆಂಚು: ಈ ಪ್ರಶ್ನೆ ಕೇಳದ ಹೆರಿಟೇಜ್ ಪ್ರೇಮಿಗಳ ಜೊತೆ ನಾನು ಮಾತಾಡುವುದಿಲ್ಲ. ನನ್ನ ಹುಟ್ಟೇ ಇದಕ್ಕೆ ಸಾಕ್ಷಿ. ಮತ ಬದಲಿಸಿ ಜಾತಿಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಅನ್ನಕ್ಕೊಂದು ದಾರಿಯಾಗಲೆಂದು ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಹಾಕಿತು. ಅಂಥವರು ತುಳಿದ ಮಣ್ಣು, ಅಂಥವರು ಒತ್ತಿದ ಅಚ್ಚು, ಮಡಿ ಉಟ್ಟವರ ನೆತ್ತಿಯ ಮೇಲೆ ಹೋಗಿ ಕೂತಿತು. ಯಾರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೋ ಅವರ ಕೈಕೆಲಸದ ಕೆಳಗೇ ಆ ಮನೆ ಪ್ರತಿ ಮಳೆಗಾಲ ಕಳೆಯಿತು. ಹಾಗಾಗಿ ಈ ಮನೆ ಬರೀ ಯಜಮಾನರದ್ದು ಅಂತ ಒಪ್ಪಿಕೊಂಡು ಕೆಡವಿದರೆ ಕಟ್ಟಿದವರ ದುಡಿಮೆಯನ್ನು ಎರಡನೇ ಬಾರಿ ಹೊರಗೆ ಹಾಕಿದ ಹಾಗೆ. ದುರಸ್ತಿ ಅಂದರೆ ಇದ್ದದ್ದನ್ನು ಇದ್ದ ಹಾಗೇ ಉಪ್ಪಿನಕಾಯಿ ಹಾಕುವುದು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಕತ್ತಲೆಯ ಅಡುಗೆಮನೆಗೆ ಕಿಟಕಿ ತೆಗೆಯಿರಿ, ಒಳಗೇ ಶೌಚಾಲಯ ಮಾಡಿ, ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಮಾಡಿ, ಜಗಲಿಗೆ ಎಲ್ಲರನ್ನೂ ಕರೆಯಿರಿ. ನಾನು ಒಂದಿಂಚೂ ಅಲುಗುವುದಿಲ್ಲ. ನಾಜೂಕಾದ ಹಳೆ ಕಂಬ ಉಳಿಸಿ, ಹಳೆ ಕಟ್ಟಳೆಯನ್ನೂ ‘ಅಥೆಂಟಿಕ್’ ಅಂತ ಮಾರುವವರ ಮೇಲೆ ಬೇಕಾದರೆ ಜಾರಿ ಬೀಳುತ್ತೇನೆ.

ಪ್ರಶ್ನೆ: ಸರ್ಕಾರದಿಂದ ಏನು ನಿರೀಕ್ಷೆ? ತುಮಕೂರು, ಮಂಗಳೂರು ಎರಡೂ 2016ರಲ್ಲಿ ಒಂದೇ ಪಟ್ಟಿಯಲ್ಲಿ ಸ್ಮಾರ್ಟ್ ಸಿಟಿಗಳಾದವು.

ಹೆಂಚು: ನನ್ನ ತವರೂ ಗಂಡನ ಮನೆಯೂ ಒಟ್ಟಿಗೇ ಸ್ಮಾರ್ಟ್ ಆದ ಸುದ್ದಿ ಕೇಳಿ ಹೆಮ್ಮೆಪಟ್ಟಿದ್ದೇನೆ, ನನಗಂತೂ ಸೆನ್ಸರ್ ಹಾಕಿಲ್ಲ. 1958ರ ಪುರಾತತ್ವ ಕಾಯ್ದೆ, ಅದಕ್ಕೆ 2010ರ ತಿದ್ದುಪಡಿ ಎಲ್ಲ ಇವೆ. ಸಂರಕ್ಷಿತ ಸ್ಮಾರಕದ 100 ಮೀಟರಿನೊಳಗೆ ಕಟ್ಟುವಂತಿಲ್ಲ, ಅದರಾಚೆಗೆ ಇನ್ನೂ 200 ಮೀಟರ್ ಅನುಮತಿ ಬೇಕು. ಕಾಯ್ದೆಗೆ ಬೇಡ ಅನ್ನಲು ಚೆನ್ನಾಗಿ ಬರುತ್ತದೆ, ಏಣಿ ಹತ್ತಲು ಬರುವುದಿಲ್ಲ. ಅದೂ ಸ್ಮಾರಕಗಳಿಗೆ. ಜನ ಬದುಕಿರುವ ಹಳೆ ಮನೆಗೆ ಬೇಕಾದದ್ದು ಪುಟ್ಟ ವ್ಯವಸ್ಥೆ: ಈ ವರ್ಷ ಚಾವಣಿ ನೋಡಿಸಿದ್ದೇನೆ ಅಂತ ತೋರಿಸಿದ ಮಾಲೀಕನಿಗೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ಕಡಿತ, ಐಟಿಐಗಳಲ್ಲಿ ಸುಣ್ಣದ ಗಾರೆ ಮತ್ತು ಹೆಂಚಿನ ಕೆಲಸಕ್ಕೆ ಒಂದು ತರಗತಿ, ಇಳಿಸಿದ ಹಳೆ ಹೆಂಚು ಕೂಡಿಡಲು ಪಾಲಿಕೆಯ ಒಂದು ಅಂಗಳ.

ಇದು ಆಗದ ಮಾತು ಅನ್ನುವವರಿಗೆ ಇಲ್ಲೇ ಕೂಗಳತೆಯಲ್ಲಿ ಸಿದ್ಧಗಂಗಾ ಮಠವಿದೆ. ಸಾವಿರಾರು ಮಕ್ಕಳಿಗೆ ದಿನವೂ ಅಲ್ಲಿ ಅನ್ನ ಬೇಯುತ್ತದೆ. ಮಠದ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದರು, ಒಲೆ ಆರಲಿಲ್ಲ. ಹಳ್ಳಿಗಳಿಂದ ವರ್ಷ ವರ್ಷ ಬಂದ ರಾಗಿ, ಅಕ್ಕಿ, ಬೇಳೆಯ ದೊಡ್ಡ ಆಸರೆ ಆ ಒಲೆಗಿದೆ. ಒಂದೇ ಸಲ ಕೊಟ್ಟ ದೊಡ್ಡ ದೇಣಿಗೆಗೆ ಕಲ್ಲಿನಲ್ಲಿ ಹೆಸರು ಕೆತ್ತಬಹುದು, ದಾಸೋಹ ನಡೆಸಲು ಆಗುವುದಿಲ್ಲ. ವರ್ಷದ ಹೊಣೆಯನ್ನು ಹಂಚಿಕೊಳ್ಳುವ ವಿದ್ಯೆ ಈ ಸೀಮೆಗೆ ಗೊತ್ತಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಪ್ರಶ್ನೆ: ಕೊನೆಯದಾಗಿ, ಹಳೆ ಮನೆ ಕೊಳ್ಳಲು ಹೊರಟವರಿಗೆ ಒಂದು ಮಾತು?

ಹೆಂಚು: ಬೆಲೆ ಕೇಳುವ ಮೊದಲು ಏಣಿ ಕೇಳಿ. ಖಾತೆಯಲ್ಲಿ ಎಷ್ಟು ಜನರಿದ್ದಾರೆ ನೋಡಿ, ಮುಂಗಾರಿಗೆ ಮುಂಚೆ ಯಾರು ಮೇಲೆ ಹತ್ತುತ್ತಾರೆ ಅಂತ ಬರೆದಿಟ್ಟುಕೊಳ್ಳಿ, ದುರಸ್ತಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯನ್ನು ಚಾವಣಿಯ ಹೆಸರಿಗೆ ಬರೆಯಿರಿ. ಇದಾಗದಿದ್ದರೆ ಫ್ಲ್ಯಾಟ್ ಕೊಳ್ಳಿ, ಅದರಲ್ಲಿ ಪಾಪವೇನಿಲ್ಲ. ಅಲ್ಲೂ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಲೇಬೇಕು. ಹೊಸ ಕಟ್ಟಡಕ್ಕೆ ಯಾವ ಮಾತೂ ಆಡದೆ ಕೊಡುವ ಆ ದುಡ್ಡನ್ನು ಹಳೆ ಮನೆಗೂ ಕೊಡಿ ಅಂದರೆ ಮಾತ್ರ ‘ಅಯ್ಯೋ, ಹಳೆ ಮನೆ ತುಂಬಾ ಖರ್ಚು’ ಅನ್ನುತ್ತೀರಲ್ಲ, ಅದಕ್ಕೆ ಉತ್ತರ ಕೊಡಬೇಕಾದವರು ನೀವು.