ಸೀಸದ ಗುಂಡು, ಎರಡು ಮಾರು ಹೂವು

ಅಡುಗೆಮನೆಯ ಸಿಂಕು ಕಟ್ಟಿಕೊಂಡು ಮೂರು ದಿನವಾಗಿತ್ತು. ಕೊನೆಗೂ ದಯಮಾಡಿಸಿದ ಪ್ಲಂಬರ್, ಕೋಲಿಗೆ ಸಿಕ್ಕಿಸಿದ ರಬ್ಬರ್ ಬಟ್ಟಲೊಂದನ್ನು ಚೀಲದಿಂದ ತೆಗೆದು ನಾಲ್ಕು ಸಲ ಒತ್ತಿ ಎಳೆದ. ಗೊಳಕ್! ನಿಂತ ನೀರೆಲ್ಲ ಪಾತಾಳಕ್ಕಿಳಿಯಿತು. “ಏನಪ್ಪಾ ಇದರ ಹೆಸರು?” ಅಂದೆ. “ಪ್ಲಂಜರ್ ಸಾರ್.” ಅವನು ದುಡ್ಡು ಎಣಿಸಿಕೊಂಡು ಹೋದ ಮೇಲೆ ಹೆಂಡತಿ, “ಅದನ್ನೇ ಒಂದು ತಂದಿಟ್ಟರೆ ಆಯ್ತಪ್ಪ” ಅಂದಳು. ನಾನು ನಿಘಂಟು ತಂದಿಟ್ಟುಕೊಂಡೆ.

‘ಪ್ಲಂಜ್’ ಅಂದರೆ ಧುಮುಕು. ಇಂಗ್ಲಿಷಿನವರು ಮದುವೆಯಾಗುವುದಕ್ಕೂ ಈ ಮಾತನ್ನೇ ಆಡುತ್ತಾರೆ. ನಮ್ಮಲ್ಲಿ ಚುನಾವಣೆಯ ಕಣಕ್ಕೆ ಧುಮುಕಿದವರುಂಟು. ಮದುವೆಗೆ ಧುಮುಕಿದೆ ಅಂದವರನ್ನು ನಾನು ಕಂಡಿಲ್ಲ. ನಮ್ಮ ‘ಧುಮುಕು’ವಿನಲ್ಲಿ ಕೊಡ ಬಾವಿಗೆ ಬಿದ್ದ ಸದ್ದು ಕೇಳುತ್ತದಲ್ಲ, ‘ಪ್ಲಂಜ್’ ಕೂಡ ಅಂಥದೇ ನೀರಿನ ಸದ್ದಿರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಅದರ ಹೊಟ್ಟೆಯಲ್ಲಿರುವುದು ಸೀಸ! ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಮ್’. ಅದು ಹಳೆಯ ಫ್ರೆಂಚಿನಲ್ಲಿ ಕ್ರಿಯಾಪದವಾಗಿ, 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ದಾಟಿತು. ಸೀಸದ ಕೊಳವೆ ಕೂಡಿಸುತ್ತಿದ್ದ ಪ್ಲಂಬರನೂ ಅದೇ ವಂಶದವನು. ಅಂದರೆ ಆ ದಿನ ನಮ್ಮ ಸಿಂಕಿನ ಮುಂದೆ ದಾಯಾದಿಗಳಿಬ್ಬರು ಕೂಡಿ ದುಡಿದಿದ್ದರು, ಚೀಲದಲ್ಲಿ ಗುಂಜಿಯಷ್ಟೂ ಸೀಸವಿಲ್ಲದೆ.

ಸೀಸಕ್ಕೂ ಧುಮುಕುವುದಕ್ಕೂ ಗಂಟು ಹಾಕಿದವರು ನಾವಿಕರು. ಗೊತ್ತಿಲ್ಲದ ನೀರಿನಲ್ಲಿ ಹಡಗು ನಡೆಸುವಾಗ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದರು. ಗುಂಡಿನ ತಳದಲ್ಲೊಂದು ಕುಳಿ, ಅದರಲ್ಲಿ ಪ್ರಾಣಿಕೊಬ್ಬು. ಮೇಲೆಳೆದಾಗ ಕೊಬ್ಬಿಗೆ ಅಂಟಿದ್ದು ಮರಳೋ ಕೆಸರೋ ಚಿಪ್ಪೋ ನೋಡಿ, ತಳ ಎಂಥದೆಂದು ತಿಳಿಯುತ್ತಿದ್ದರು. ಆಳ ನೋಡದೆ ಒಂದು ಗೇಣೂ ಮುಂದಡಿ ಇಡದ ಆ ಪುಕ್ಕಲರ ಗುಂಡಿನಿಂದಲೇ, ಹಿಂದೆಮುಂದೆ ನೋಡದೆ ಹಾರುವವರ ಮಾತು ಹುಟ್ಟಿಕೊಂಡಿತು!

ಅವರನ್ನು ಪುಕ್ಕಲರು ಅನ್ನಲು ನನಗೇನು ಹಕ್ಕು? ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯ ಮೆಟ್ಟಿಲ ಮೇಲೆ ನಡುಗುತ್ತ, “ಎಷ್ಟು ಆಳ ಚಿಕ್ಕಪ್ಪಾ?” ಅಂದಿದ್ದೆ. “ಬಿದ್ದಮೇಲೆ ಗೊತ್ತಾಗುತ್ತೆ ಬಾರೋ” ಅಂದು ತಳ್ಳಿದರು. ನನಗೆ ಇವತ್ತಿಗೂ ಈಜು ಬರುವುದಿಲ್ಲ.

ನಾವಿಕರ ಅಳತೆಯೇ ‘ಫ್ಯಾದಮ್’: ಚಾಚಿದ ಎರಡು ತೋಳಿನ ಉದ್ದ, ಆರಡಿ. ನಮ್ಮ ಮಾರು! ಮಿಸಿಸಿಪಿ ನದಿಯ ಉಗಿಹಡಗುಗಳಲ್ಲಿ ಎರಡು ಫ್ಯಾದಮ್ ನೀರು ಸಿಕ್ಕಿದರೆ “ಮಾರ್ಕ್ ಟ್ವೇನ್” ಎಂದು ಕೂಗುತ್ತಿದ್ದರು. ಅಲ್ಲಿ ಹಡಗು ನಡೆಸಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಆ ಕೂಗನ್ನೇ ತನ್ನ ಕಾವ್ಯನಾಮ ಮಾಡಿಕೊಂಡ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಹೂವಿನವಳು ಬಂದಳು. “ಸೇವಂತಿಗೆ ಎಷ್ಟಮ್ಮಾ ಬೇಕು?”

“ಎರಡು ಮಾರು” ಅಂದಳು ಹೆಂಡತಿ.

“ಮಾರ್ಕ್ ಟ್ವೇನ್!” ಎಂದು ಒಳಗಿನಿಂದ ಕೂಗಿದೆ.

“ಅವರಿಗೆ ಏನು ಬೇಕಂತೆ?” ಅಂದಳು ಹೂವಿನವಳು, ತೋಳನ್ನು ಪೂರ್ತಿ ಚಾಚದೆಯೇ ಅಳೆಯುತ್ತ.